ಸ್ಟುಡಿಯೋ ಕಾಕಾನ ಗಿಲೀಟು

ಫೋಟೋ ಹೊಡೆಯುವಾಗ ಅವರು ‘ಮೂರು’ ಎಂದದ್ದನ್ನು ಶಹಾಪುರದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ‘ಉಸುರ ಹಿಡೀರಿ. ಒಂದ... ಎರಡ...’ ಅನ್ನುತ್ತಿದ್ದಂತೆಯೇ ಕ್ಯಾಮೆರಾ ಟಕ್ಕೆನ್ನುತ್ತಿತ್ತು. ಮೂರಕ್ಕೆ ಕಾಯುತ್ತ ಇನ್ನೂ ಎದೆಯುಬ್ಬಿಸಿ ನಿಂತವರನ್ನು ನೋಡಿ ನಗುತ್ತಿದ್ದರು. ‘ಬಿಡ್ರಪಾ, ಮುಗೀತು. ಮೂರಂದ್ರ ಮಂದಿ ಕಣ್ಣ ಮುಚ್ಚತಾರ. ಎರಡಕ್ಕ ಇನ್ನಾ ಆಸೆ ಇರ್ತದ ಮಾರಿ ಮ್ಯಾಲ.’

ಆ ಕೊನೆಯ ಮಾತು ಅವರದೋ, ಇಷ್ಟು ವರ್ಷಗಳಲ್ಲಿ ನಾನೇ ಸೇರಿಸಿಕೊಂಡದ್ದೋ ಈಗ ಹೇಳಲಾರೆ. ಅವರು ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರು ಎಂಬುದು ನಿಜ. ಸತ್ತವರು ನಮ್ಮ ನೆನಪಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ಮಾತಾಡತೊಡಗುತ್ತಾರೆ ಎಂಬುದೂ ನಿಜ.

ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಬೇರೆ ಯಾವುದೋ ಕೆಲಸಕ್ಕೆ ಫೋನು ಮಾಡಿದವನು, ಇಡುವ ಮೊದಲು, ‘ಮೇಡಂ, ಸ್ಟುಡಿಯೋ ಕಾಕಾ ಹೋದ್ರಂತ್ರಿ, ತಿಂಗಳಾತು’ ಎಂದ. ಹಾಗೆ ಸುದ್ದಿ ತಿಳಿಯಿತು. ಅವರ ಹೆಸರನ್ನು ಬರೆಯುವುದಿಲ್ಲ. ಮನೆಯವರು ಇದ್ದಾರೆ, ನಾನು ಬರೆಯುವುದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಅವರನ್ನು ಕೇಳುವ ಧೈರ್ಯ ನನಗಿಲ್ಲ. ಊರೆಲ್ಲ ಅವರನ್ನು ಸ್ಟುಡಿಯೋ ಕಾಕಾ ಎಂದೇ ಕರೆಯುತ್ತಿತ್ತು. ಇಲ್ಲಿಯೂ ಹಾಗೇ ಇರಲಿ.

ನಾನು ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಶಹಾಪುರದ ಕಾಲೇಜಿಗೆ ಸೇರಿದ್ದು ಕಾಲುವೆ ನೀರು ಬಂದ ಹೊಸತರಲ್ಲಿ. ಜೋಳದ ಹೊಲಗಳು ನೋಡನೋಡುತ್ತ ಭತ್ತದ ಗದ್ದೆಗಳಾಗುತ್ತಿದ್ದವು. ಜನರ ಕೈಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿತ್ತು, ಅದರ ಜೊತೆಗೆ ತಮ್ಮ ಮುಖವನ್ನು ಗೋಡೆಯ ಮೇಲೆ ನೋಡಬೇಕೆಂಬ ಆಸೆಯೂ. ‘ಕೆನಾಲ್ ನೀರು ಮೊದಲ ಹೊಲಕ್ಕ ಹೋಗ್ತದ, ಆಮ್ಯಾಲ ಸೀದಾ ನನ್ನ ಸ್ಟುಡಿಯೋಕ್ಕ ಬರ್ತದ’ ಎಂದು ಕಾಕಾ ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ. ಹಣೆಗೆ ಮೂರೆಳೆ ವಿಭೂತಿ, ಎದೆಯ ಮೇಲೆ ಲಿಂಗ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಕನ್ನಡಿ ಕಂಡಲ್ಲೆಲ್ಲ ಕೂದಲು ಬಾಚಿಕೊಳ್ಳುವ ಚಪಲ. ವಿನಯವಂತರೇನಲ್ಲ. ‘ಯಾದಗಿರಿ ತನಕ ಹುಡುಕ್ರಿ, ಕರಿ ಮಾರೀನ ಕೆಂಪು ತಗಿಯಾಂವ ನಾ ಒಬ್ಬನಾ’ ಎಂದು ಯಾರೂ ಕೇಳದಿದ್ದರೂ ಹೇಳುವವರು.

ಸ್ಟುಡಿಯೋದ ಒಳಗೆ ಒಂದು ಕಬ್ಬಿಣದ ಟ್ರಂಕು ಇತ್ತು. ಅದರಲ್ಲಿ ಎಲ್ಲ ಅಳತೆಯವರಿಗೂ ಆಗುವ ಒಂದೇ ಕೋಟು; ಬೆನ್ನ ಮೇಲೆ ಉದ್ದಕ್ಕೆ ಸೀಳಿ, ತೆಳ್ಳಗಿನವರಿಗೆ ಹಿಂದಿನಿಂದ ಪಿನ್ನು ಹಾಕುತ್ತಿದ್ದರು. ದಪ್ಪಗಿನವರಿಗೆ ಹಾಗೇ ಬಿಡುತ್ತಿದ್ದರು. ಜರಿಯಂಚಿನ ಲಂಗಗಳು, ಉದ್ದನೆಯ ಚವರಿ ಕೂದಲು, ಝುಮಕಿ, ವಂಕಿ, ಮೂರೆಳೆಯ ಸರ. ಎಲ್ಲ ಗಿಲೀಟು, ಬಂಗಾರದ ಬಣ್ಣ ಬಳಿದ ಹಿತ್ತಾಳೆ. ಹೊಲದಿಂದ ನೇರ ಬಂದ ಹೆಣ್ಣುಮಗಳು ಆ ಟ್ರಂಕಿನ ಮುಂದೆ ಕೂತು ಎದ್ದರೆ ಗೌಡರ ಸೊಸೆಯಂತೆ ಕಾಣುತ್ತಿದ್ದಳು. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಫೋಟೋ ಎಂದರೆ ಇದ್ದದ್ದನ್ನು ತೋರಿಸುವುದಲ್ಲ, ಒಳ್ಳೆಯ ದಿನವೊಂದನ್ನು ಎತ್ತಿಡುವುದು. ಆ ಒಳ್ಳೆಯ ದಿನ ಬಂದಿರದಿದ್ದರೆ ಕಾಕಾ ಕೊಡುತ್ತಿದ್ದರು. ಮದುಮಗ ಹಲ್ಲು ಕಿರಿದರೆ ಗದರುತ್ತಿದ್ದರು: ‘ನಗಬ್ಯಾಡಪಾ, ಲಗ್ನ ನಿಂದ, ನಿನ್ನ ಗೆಳ್ಯಾಂದಲ್ಲ.’

ದೋರನಹಳ್ಳಿಯ ರಸ್ತೆಗೆ, ಕಾಲುವೆಯ ದಂಡೆಯಲ್ಲಿ, ಕ್ರೈಸ್ತರು ನಡೆಸುತ್ತಿದ್ದ ಒಂದು ಮಕ್ಕಳ ಮನೆ ಇತ್ತು. ಈಗ ಇಲ್ಲ. ಕೂಲಿ ಮಾಡುವವರ ಮಕ್ಕಳು, ತಂದೆಯೋ ತಾಯಿಯೋ ಇಲ್ಲದವರು, ದುಡಿಯಲು ಪುಣೆ, ಮುಂಬೈಗೆ ಹೋದವರು ಬಿಟ್ಟುಹೋದ ಮಕ್ಕಳು ಅಲ್ಲಿದ್ದರು. ಒಂದೊಂದು ಮಗುವಿನ ಊಟ, ಬಟ್ಟೆ, ಶಾಲೆಯ ಖರ್ಚನ್ನು ಪರದೇಶದ ಒಂದೊಂದು ಕುಟುಂಬ ವಹಿಸಿಕೊಳ್ಳುತ್ತಿತ್ತು. ಯಾವ ಮಗು ಎಂದು ಅವರು ಆರಿಸುತ್ತಿದ್ದುದು ಫೋಟೋ ನೋಡಿ. ಆ ಫೋಟೋಗಳಿಗಾಗಿ ಪ್ರತಿ ಚಳಿಗಾಲ ಅಲ್ಲಿಂದ ಗಂಡ ಹೆಂಡತಿ ಇಬ್ಬರು ಬಂದು, ಸಂಬಳವಿಲ್ಲದೆ, ಮಕ್ಕಳ ನಡುವೆಯೇ ಉಂಡು ಮಲಗಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಅವರು ಬರಲಿಲ್ಲ.

ಮಕ್ಕಳ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಬೀದರ ಕಡೆಯ ಒಬ್ಬ ಹೆಂಗಸು. ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಅವರು ಕಾಕಾನ ಹತ್ತಿರ ಹೋಗಿ ಕೇಳಿದರು. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದುಕೊಡಲು ನನ್ನನ್ನು ಕೇಳಿದರು. ನಾವಿಬ್ಬರೂ ಹೀಗೆ ಆ ಪರದೇಶದವರ ಜಾಗಕ್ಕೆ ನಿಂತೆವು.

ಮೊದಲ ದಿನ ಅಕ್ಕೋರ ಕೋಣೆಯ ಗೋಡೆಯಲ್ಲಿ ಆ ದಂಪತಿ ತೆಗೆದ ಹಳೆಯ ಫೋಟೋಗಳನ್ನು ಕಾಕಾ ನೋಡಿದರು. ಬಾಗಿಲ ಹೊಸ್ತಿಲಲ್ಲಿ ಬರಿಗಾಲಲ್ಲಿ ಕೂತ ಹುಡುಗ, ಕೆದರಿದ ಕೂದಲಿನ ಹುಡುಗಿ, ಮೂಗು ಸುರಿಯುವ ಕೂಸು. ನನಗೆ ಅವು ಒಳ್ಳೆಯ ಫೋಟೋಗಳೆಂದೇ ಅನ್ನಿಸಿತ್ತು. ಕಾಕಾ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, ಮುಖ ಸಿಂಡರಿಸಿಕೊಂಡು ನಿಂತರು.

‘ಅಕ್ಕೋರ, ಇವು ಫೋಟೋ ಏನ್ರಿ? ಪೊಲೀಸ್ ಠಾಣಾದಾಗ ಹಚ್ಚಾವು ಇವು.’

‘ಅವರು ದೊಡ್ಡ ಕ್ಯಾಮೆರಾದೋರ್ರಿ ಕಾಕಾ.’

‘ಕ್ಯಾಮೆರಾ ದೊಡ್ಡದಿದ್ರ ಏನಾತು? ಮೂಗು ಒರಸಾಕ ಒಂದು ಅರಿವಿ ಇದ್ದಿದ್ದಿಲ್ಲೇನು? ಫೋಟೋ ತಗದಿಲ್ರಿ ಇವರು, ಮಕ್ಕಳ ಮಾನ ತಗದಾರ.’

ಅಕ್ಕೋರು ನಕ್ಕರು. ಮುಂದಿನ ರವಿವಾರ ಕಾಕಾ ಟ್ರಂಕು, ಪರದೆ, ಕ್ಯಾಮೆರಾ ಎಲ್ಲವನ್ನೂ ಟಾಂಗಾದಲ್ಲಿ ಹೇರಿಕೊಂಡು ಬಂದರು. ಬಂಗಲೆ, ಮೆಟ್ಟಿಲು, ಕೊಳದಲ್ಲಿ ಹಂಸ ಬರೆದಿದ್ದ ಪರದೆಯನ್ನು ಎರಡು ಬೇವಿನ ಮರಗಳ ನಡುವೆ ಕಟ್ಟಿಸಿದರು. ಪ್ರಾರ್ಥನೆ ಮುಗಿಯುವವರೆಗೆ ವಿಭೂತಿಯ ಹಣೆ ಹೊತ್ತುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಆಮೇಲೆ ಮಕ್ಕಳ ಮುಖಕ್ಕೆ ಪೌಡರು ಬಳಿಯತೊಡಗಿದರು. ದೃಷ್ಟಿ ಬೊಟ್ಟು ಇಡಲು ಹೋದಾಗ ಅಕ್ಕೋರು ತಡೆದರು.

‘ಬೊಟ್ಟು ಬ್ಯಾಡ್ರಿ ಕಾಕಾ, ನಮ್ಮಲ್ಲಿ ನಡಿಯಂಗಿಲ್ಲ.’

‘ಆತ್ರಿ. ಕಾಲಿಗಿ ಇಡ್ತೀನಿ. ದೃಷ್ಟಿ ಹಾಕೋರು ಮಾರಿ ನೋಡ್ತಾರ, ನಿಮ್ಮ ದೇವರು ಅಂಗಾಲ ತನಕ ನೋಡ್ತಾನ. ಅಂವಗ ನಾನಾ ಹೇಳ್ಕೋತೀನಿ.’ ಹೀಗೆಂದು ಒಂದೊಂದು ಮಗುವಿನ ಅಂಗಾಲಿಗೂ ಕಾಡಿಗೆ ಚುಕ್ಕಿ ಇಟ್ಟರು. ಕಚಗುಳಿಗೆ ಮಕ್ಕಳು ಕುಣಿದವು. ‘ನಗಬ್ಯಾಡ್ರೋ, ನಕ್ಕರ ಫೋಟೋ ಹಗುರ ಆಗ್ತದ’ ಎಂದು ಅವರೇ ನಗುತ್ತಿದ್ದರು.

ಆ ವರ್ಷ ಹೊಸದಾಗಿ ಬಂದವಳು ಹತ್ತಿರದ ಹಳ್ಳಿ ಗೋಗಿಯ ಹುಡುಗಿ ಒಬ್ಬಳೇ. ಉಳಿದ ಮಕ್ಕಳಿಗೆ ಆಗಲೇ ದಾನಿಗಳಿದ್ದರು. ಅವರ ಫೋಟೋ ಬರೀ ಬೆಳೆದದ್ದನ್ನು ತೋರಿಸಲು. ಇವಳಿಗೆ ಫೋಟೋದಿಂದಲೇ ಎಲ್ಲ ಆಗಬೇಕಿತ್ತು. ಎಂಟೋ ಒಂಬತ್ತೋ ವರ್ಷ. ಅಪ್ಪ ಇಲ್ಲ. ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ತಂದು ಬಿಟ್ಟಿದ್ದಳು. ದಾನಿ ಸಿಕ್ಕರೆ ಅವಳು ಅಲ್ಲಿಯೇ ಇದ್ದು ಓದುತ್ತಾಳೆ. ಸಿಗದಿದ್ದರೆ ಬೇಸಿಗೆ ರಜೆಗೆ ಅಜ್ಜಿ ಬಂದು ಕರೆದುಕೊಂಡು ಹೋಗಬೇಕು. ಅಲ್ಲಿಂದ ಪುಣೆಗೆ, ಅವ್ವ ಇಟ್ಟಿಗೆ ಹೊರುವಾಗ ತಮ್ಮನನ್ನು ಎತ್ತಿಕೊಂಡು ಕೂರಲು. ಇದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಕಾಕಾ ಅವಳಿಗೆ ಟ್ರಂಕಿನ ತಳದಲ್ಲಿದ್ದ ಒಳ್ಳೆಯ ಲಂಗವನ್ನೇ ತೆಗೆದರು.

ಹೇನಿಗೆ ಅವಳ ಕೂದಲು ಕತ್ತರಿಸಿದ್ದರು. ಕಾಕಾ ಅದಕ್ಕೆ ಚವರಿ ಕಟ್ಟಿ, ಜಡೆ ಹೆಣೆಸಿ ಮುಂದೆ ತಂದು ಬಿಟ್ಟರು. ಝುಮಕಿ, ಮೂರೆಳೆ ಸರ, ತೋಳಿಗೆ ವಂಕಿ. ಅಲ್ಲಿಯವರೆಗೂ ಬಾಯಿ ಬಿಡದಿದ್ದ ಹುಡುಗಿ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, ‘ಕಾಕಾ, ಇಕಿ ಹೆಸರೇನ್ರಿ?’ ಎಂದಳು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಗದ್ದಕ್ಕೆ ಎರಡು ಬೆರಳು ಕೊಟ್ಟು ಮುಖ ಸ್ವಲ್ಪ ಮೇಲೆತ್ತಿ, ‘ಒಂದ... ಎರಡ...’ ಎಂದರು.

ಬಣ್ಣದ ರೋಲು ಹೈದರಾಬಾದಿಗೆ ಹೋಗಿ ತೊಳೆದು ಬಂತು. ಅಕ್ಕೋರಂತೂ ಕಣ್ಣು ತುಂಬಿಕೊಂಡರು. ‘ನಮ್ಮ ಮಕ್ಕಳು ರಾಜರ ಮನ್ಯಾಗ ಹುಟ್ಟಿದಂಗ ಕಾಣತಾವ ನೋಡ್ರಿ’ ಎಂದರು. ನಾನು ಕೆಳಗೆ ಇಂಗ್ಲಿಷಿನಲ್ಲಿ ಬಡತನದ ಮಾತು ಬರೆದೆ. ಮೇಲಿನ ಫೋಟೋಕ್ಕೂ ಕೆಳಗಿನ ಮಾತಿಗೂ ಹೊಂದುವುದಿಲ್ಲ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈಗ ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ಅಷ್ಟು ದಡ್ಡರೇ ನೀವು ಎನ್ನುತ್ತಾರೆ. ದಡ್ಡತನವಲ್ಲ. ಹೆಣ್ಣು ನೋಡಲು ಬರುವವರ ಮುಂದೆ ಯಾರಾದರೂ ಹರಕು ಸೀರೆಯಲ್ಲಿ ಮಗಳನ್ನು ಕೂರಿಸುತ್ತಾರೆಯೇ? ನಮಗೆ ಇದೂ ಹಾಗೇ ಇತ್ತು. ಬೇರೆಯವರ ಮನೆಗೆ ಹೋಗುವ ಮುಖ, ತೊಳೆದುಕೊಂಡೇ ಹೋಗಬೇಕು.

ಉತ್ತರ ಬಂದಾಗ ಹೋಳಿ ಕಳೆದಿತ್ತು. ಅಕ್ಕೋರು ಸ್ಟುಡಿಯೋಕ್ಕೇ ಬಂದರು. ನಾನೂ ಅಲ್ಲಿದ್ದೆ.

‘ಗೋಗಿ ಹುಡುಗಿ ಫೋಟೋ ಒಂದು ಮನಿಯೋರಿಗಿ ತೋರಿಸಿದ್ರಂತ, ಅವರು ಒಲ್ಲೆ ಅಂದಾರ್ರಿ.’

‘ಯಾಕಂತ?’

‘ರೇಷ್ಮಿ ಉಟ್ಟಾಳ, ಮೈತುಂಬ ಬಂಗಾರ ಹಾಕ್ಯಾಳ, ಇಕಿಗಿ ನಮ್ಮ ಸಹಾಯ ಯಾಕ ಬೇಕು ಅಂತ. ಇಕಿಕಿಂತ ಬಡವಿಗಿ ಕೊಡ್ತೀವಿ ಅಂದಾರ.’

ಕಾಕಾ ಮೊದಲು ನಕ್ಕರು, ಯಾರೋ ತಮಾಷೆ ಮಾಡಿದ ಹಾಗೆ. ಆಮೇಲೆ ಟ್ರಂಕು ತೆಗೆದು ಸರವನ್ನು ಹೊರಗೆಳೆದು ನನ್ನ ಮುಖದ ಮುಂದೆ ಹಿಡಿದರು.

‘ಗಿಲೀಟ್ರಿ ಇದು! ಗಿಲೀಟ! ಮೇಡಂ, ಇಂಗ್ಲಿಷ್‌ನ್ಯಾಗ ಬರೀರಿ ಅವರಿಗಿ. ಹಲ್ಲೀಲೆ ಕಡದು ತೋರಸ್ಲೇನು? ಬಂಗಾರ ಇದ್ದಿದ್ರ ಅದು ನನ್ನ ಟ್ರಂಕ್‌ನ್ಯಾಗ ಯಾಕ ಇರ್ತಿತ್ತು!’

ನಾನು ಬರೆದೆ. ಆ ಮನೆಯವರು ಆಗಲೇ ಬೇರೆ ದೇಶದ ಮಗುವೊಂದನ್ನು ಆರಿಸಿಯಾಗಿತ್ತು. ಇನ್ನೊಂದು ಮನೆಯವರು ಇದ್ದಾರೆ, ಬೇಗ ಬೇರೆ ಫೋಟೋ ಕಳಿಸಿ, ಮಗು ಇದ್ದ ಹಾಗೇ ಇರಲಿ ಎಂದು, ದಾನಿಗಳನ್ನು ಹುಡುಕಿಕೊಡುವ ಪರದೇಶದ ಕಚೇರಿಯವರು ಹೇಳಿ ಕಳಿಸಿದರು.

ಕಾಕಾ ಟ್ರಂಕಿಲ್ಲದೆ, ಪರದೆಯಿಲ್ಲದೆ, ಬರೀ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆದರೆ ಫೋಟೋ ಕಾಕಾ ಬರುತ್ತಾರೆಂದು ಹುಡುಗಿಗೆ ಸುದ್ದಿ ಮುಟ್ಟಿತ್ತು. ದೊಡ್ಡ ಹುಡುಗಿಯರಿಂದ ರಿಬ್ಬನ್ನು, ಬಳೆ, ಒಬ್ಬಳ ಚಪ್ಪಲಿ ಇಸಿದುಕೊಂಡು, ಮುಖದ ತುಂಬ ಪೌಡರು ಬಳಿದುಕೊಂಡು, ಬೇವಿನ ಮರದ ಕೆಳಗೆ ಗದ್ದವನ್ನು ತಾನೇ ಎತ್ತಿ ಹಿಡಿದು ನಿಂತಿದ್ದಳು.

‘ರಿಬ್ಬನ್ ಬಿಚ್ಚವ್ವ. ಚಪ್ಪಲ್ ಬಿಡು. ಮಾರಿ ಒರಸಿಕೋ’ ಎಂದರು ಅಕ್ಕೋರು, ಅಷ್ಟೇನೂ ಗಟ್ಟಿಯಾಗಿ ಅಲ್ಲ.

ಹುಡುಗಿ ಕಾಕಾನ ಮುಖ ನೋಡಿದಳು. ‘ನಾ ಏನ್ ತಪ್ಪ ಮಾಡೀನ್ರಿ?’

ಅಕ್ಕೋರೇ ರಿಬ್ಬನ್ನು ಬಿಚ್ಚಿದರು. ಕೂದಲನ್ನು ಕೈಯಿಂದ ಸ್ವಲ್ಪ ಕೆದರಿದರು. ಹುಡುಗಿ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು, ‘ಹಿಂಗ ಬ್ಯಾಡ್ರಿ ಕಾಕಾ, ಹಿಂಗ ತಗೀಬ್ಯಾಡ್ರಿ’ ಎಂದಳು. ಕಾಕಾ ಕ್ಯಾಮೆರಾ ಕಣ್ಣಿಗೆ ಹಿಡಿದರು. ಒಂದೂ ಅನ್ನಲಿಲ್ಲ, ಎರಡೂ ಅನ್ನಲಿಲ್ಲ. ಕ್ಯಾಮೆರಾ ಇಳಿಸಿ ಮುಚ್ಚಳ ಹಾಕಿದರು.

‘ಇವತ್ತ ಬೆಳಕ ಇಲ್ರಿ ಅಕ್ಕೋರ.’

‘ಏನಂದ್ರಿ? ಚೈತ್ರದ ಬಿಸಿಲಿಗಿ ನೆಲ ಸುಡಾಕತ್ತದ, ಬೆಳಕಿಲ್ಲಂತೀರಿ?’

‘ಇಲ್ರಿ. ಬೆಳಕ ಇಲ್ಲ.’

ಆ ದಿನದ ನನ್ನ ಡೈರಿಯಲ್ಲಿ ಇದು ಯಾವುದೂ ಇಲ್ಲ. ‘ಸಂಜೆ ತಲೆನೋವು’ ಎಂದಷ್ಟೇ ಇದೆ. ಬಿಸಿಲಿದ್ದದ್ದಕ್ಕೆ ನನ್ನ ಬಳಿ ಇರುವ ಸಾಕ್ಷಿ ಆ ತಲೆನೋವು ಒಂದೇ. ಆದರೆ ಅದಾದ ಮೇಲಿನ ಮಾತು ನಿಜವಾಗಿಯೂ ಆಡಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ಕೊನೆಗೆ ಅದನ್ನು ಹುಡುಗಿಯ ಬಾಯಿಂದಲೂ ಕೇಳಿದೆ. ಕಾಕಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ರಿಬ್ಬನ್ನನ್ನು ಮತ್ತೆ ಕಟ್ಟುತ್ತ, ‘ಯಾರ ಹಂಗು ಯಾಕ ನಮಗ? ನಮ್ಮ ಮನಿಗಿ ಬರ್ತಿಯೇನವ್ವ? ನಮ್ಮ ಮನ್ಯಾಗ ಇದ್ದು ಶಾಲಿಗಿ ಹೋಗ್ತಿಯೇನು?’ ಎಂದರು. ಅವಳು ಹೂಂ ಎಂದಳು. ಅಕ್ಕೋರು ನನ್ನ ಕಡೆ ನೋಡಿದರು. ಅವರಿಗೆ ಊರು ಗೊತ್ತಿತ್ತು, ಕಾಕಾನ ಕೇರಿ ಗೊತ್ತಿತ್ತು, ಹುಡುಗಿಯ ಕೇರಿಯೂ ಗೊತ್ತಿತ್ತು. ಕಾಲುವೆಯ ದಂಡೆಯ ಮೇಲೆ ಹಿಂದಿರುಗುವಾಗ ಕಾಕಾ ಹುರುಪಿನಲ್ಲಿದ್ದರು. ‘ನಮ್ಮ ಮನಿಯಾಕಿಗಿ ಹೇಳ್ತೀನಿ. ಆಕಿ ಮನಸ್ಸು ಮೆತ್ತಗ ಅದ’ ಎಂದರು.

ಎರಡು ರವಿವಾರ ಅವರು ಮಕ್ಕಳ ಮನೆಯ ಕಡೆ ಬರಲಿಲ್ಲ. ಅಕ್ಕೋರು ಬೇರೆ ದಾರಿ ಕಾಣದೆ ಸುರಪುರದ ಸ್ಟುಡಿಯೋಕ್ಕೆ ಹುಡುಗಿಯನ್ನು ಕರೆದುಕೊಂಡು ಹೋಗಿ, ಇದ್ದ ಹಾಗೇ ತೆಗೆಯಿರಿ ಎಂದು ಹೇಳಿ ತೆಗೆಸಿದರು. ಅಲ್ಲಿಯವನೂ ನಮ್ಮ ಕಡೆಯವನೇ. ಹುಡುಗಿಯ ಒಂದು ಬದಿಗೆ ಪ್ಲಾಸ್ಟಿಕ್ ಹೂವಿನ ಕುಂಡ, ಇನ್ನೊಂದು ಬದಿಗೆ ಟೆಲಿಫೋನು ಇಟ್ಟು, ರಿಸೀವರನ್ನು ಅವಳ ಕಿವಿಗೆ ಕೊಟ್ಟಿದ್ದ. ಅಕ್ಕೋರು ಅದನ್ನೇ ಕಳಿಸಿದರು. ಏನೂ ಉತ್ತರ ಬರಲಿಲ್ಲ.

ನಾನು ಕಾಕಾನ ಮನೆಗೆ ಹೋದೆ. ಸ್ಟುಡಿಯೋದ ಹಿಂದೆಯೇ ಮನೆ. ಅವರು ಕಿಟಕಿಯ ಹತ್ತಿರ ಕೂತು, ಯಾರದೋ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ. ಅವರ ಹೆಂಡತಿ ಚಹಾ ತಂದು ನನ್ನ ಮುಂದಿಟ್ಟು, ಎದುರಿಗೇ ಕೂತರು. ನಿಜವಾಗಿಯೂ ಮೆತ್ತನೆಯ ಹೆಂಗಸು.

‘ಇವರು ಹೇಳಿದ್ರ ತಂಗಿ. ಕೂಸ ಪಾಪ ಭಾಳ ಛಂದ ಅದ ಅಂತ. ನನಗೇನು ಹೊಟ್ಟ್ಯಾಗ ಕರಳಿಲ್ಲೇನು? ಆದ್ರ ನಮ್ಮ ಮನಿಗಿ ನಾಕು ಮಂದಿ ಬರ್ತಾರ, ಹೋಗ್ತಾರ. ಲಿಂಗದ ಪೂಜಿ ಅದ. ಎರಡ ಹೆಣ್ಣಮಕ್ಕಳು ಲಗ್ನಕ್ಕ ಬಂದಾವ. ನೀವು ಓದಿದೋರು, ನಿಮಗ ನಾ ಬಿಡಿಸಿ ಹೇಳಬೇಕೇನು?’

ನಾನು ಕಾಕಾನ ಕಡೆ ನೋಡಿದೆ. ಪೆನ್ಸಿಲು ಆಡುತ್ತಲೇ ಇತ್ತು. ಅಷ್ಟು ಮಾತಾಡುವ ಮನುಷ್ಯ. ‘ಚಹಾ ಆರ್ತದ, ಕುಡೀರಿ’ ಎಂದಷ್ಟೇ ಹೇಳಿದರು.

ಅವರನ್ನು ನಾನು ಆಗ ಮನಸ್ಸಿನಲ್ಲೇ ಬಹಳ ಬೈದೆ. ಈಗ ಅಷ್ಟು ಸುಲಭವಾಗಿ ಬೈಯಲಾರೆ. ಒಂದು ಮಗುವಿನ ಮಾನ ಹೋಗಬಾರದೆಂದು ಚೈತ್ರದ ಬಿಸಿಲನ್ನೇ ಇಲ್ಲವೆಂದವರು ಅವರು. ಅದೇ ಮಗು ಹೊಸ್ತಿಲು ದಾಟಿ ಬರಲು ಬಾಯಿ ಬಿಡಲಾರದವರೂ ಅವರೇ. ಎರಡನ್ನೂ ಒಂದೇ ಮುಖದಲ್ಲಿ ಇಟ್ಟು ನೋಡಲು ನನಗೆ ಇಂದಿಗೂ ಬರುವುದಿಲ್ಲ. ಒಂದನ್ನು ನೋಡುವಾಗ ಇನ್ನೊಂದು ಮಸುಕಾಗುತ್ತದೆ.

ಮುಂದೆ ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಟ್ರಂಕು ಹಾಗೇ ಇತ್ತು. ಮದುವೆಗಳು, ಕೋಟು, ಬಾಚಣಿಗೆ, ಹೆಚ್ಚುಗಾರಿಕೆಯ ಮಾತು ಎಲ್ಲ ನಡೆಯಿತು. ಹೆಣ್ಣುಮಕ್ಕಳ ಲಗ್ನವೂ ಚೆನ್ನಾಗಿಯೇ ಆಯಿತು. ಮಕ್ಕಳ ಮನೆಗೆ ಮಾತ್ರ ಮತ್ತೆ ಹೋಗಲಿಲ್ಲ. ಕಂಪ್ಯೂಟರು ಬಂದು, ಹುಡುಗರು ಹಿಂದೆ ಸ್ವಿಟ್ಜರ್ಲೆಂಡ್ ಹಾಕಿ ಕೊಡತೊಡಗಿದಾಗ, ‘ನಾ ಪರದಿ ಕಟ್ಟಿದ್ರ ಸುಳ್ಳಂತ, ಇವರು ಮಷಿನ್ನ್ಯಾಗ ಕಟ್ಟಿದ್ರ ಖರೇವಂತ’ ಎಂದು ಗೊಣಗುತ್ತಿದ್ದರು. ಒಂದು ಹೊಸ ರೂಢಿ ಮಾತ್ರ ಅಂಟಿಕೊಂಡಿತ್ತು. ದುಡಿಯಲು ಪುಣೆಗೆ ಹೋಗುವವರು ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದರೆ, ‘ಪುಣೆದಾಗ ಎಲ್ಲಿರ್ತೀರಿ? ಗೋಗಿ ಮಂದಿ ಸಿಗ್ತಾರೇನು, ಅವರಾಗ ಒಬ್ಬ ಹುಡುಗಿ?’ ಎಂದು ಕೇಳುತ್ತಿದ್ದರು. ನಾನಿದ್ದಾಗ ಒಮ್ಮೆ ಒಬ್ಬ, ‘ಎಂಥಾ ಹುಡುಗಿರಿ, ಗುರುತ ಹೇಳ್ರಿ’ ಎಂದ. ಕಾಕಾ ಉತ್ಸಾಹದಿಂದ, ‘ಉದ್ದ ಜಡಿ, ಹಿಂಗ ಮುಂದ ಬಿಟ್ಟಿದ್ಳು, ಕಿವ್ಯಾಗ...’ ಎಂದವರು ಅಲ್ಲಿಗೇ ನಿಂತರು. ಆ ಮುಖದಲ್ಲಿ ತಮ್ಮ ಟ್ರಂಕಿನದಲ್ಲದ್ದು ಏನಿತ್ತು ಎಂದು ಹುಡುಕುತ್ತಿದ್ದರೇನೋ. ಆ ಮನುಷ್ಯ ಸ್ವಲ್ಪ ಕಾದು ಸ್ಟೂಲಿನ ಮೇಲೆ ಹೋಗಿ ಕೂತ.

ಆ ವರ್ಷವೇ, ಹುಡುಗಿ ಶಹಾಪುರ ಬಿಟ್ಟ ದಿನ, ನಾನು ಸ್ಟುಡಿಯೋದಲ್ಲಿದ್ದೆ. ಬೇಸಿಗೆ ರಜೆ ಬಿಟ್ಟಿತ್ತು. ಗೋಗಿಯಿಂದ ಬಂದ ಅಜ್ಜಿ ಹುಡುಗಿಯನ್ನು ಕರೆದುಕೊಂಡು, ಊರಿನ ಬಸ್ಸು ಹತ್ತುವ ಮೊದಲು ಸ್ಟುಡಿಯೋಕ್ಕೆ ಬಂದಳು. ಫೋಟೋ ಒಂದು ಬೇಕೆಂದು ಹುಡುಗಿ ಹಟ ಹಿಡಿದಿದ್ದಳಂತೆ. ಕಾಕಾ ತಾವು ಗಿಲೀಟು ಹಾಕಿಸಿ ತೆಗೆದ ಆ ಫೋಟೋವನ್ನು ಮೊದಲೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಇಟ್ಟಿದ್ದರು. ಎರಡೂ ಕೈಯಿಂದ ಅಜ್ಜಿಗೆ ಕೊಟ್ಟರು.

ಅಜ್ಜಿಯ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಸೆರಗಿನಿಂದ ಗಾಜು ಒರೆಸಿ, ಮತ್ತೆ ನೋಡಿದಳು.

‘ಯಪ್ಪಾ, ಎಷ್ಟ ಛಂದ ಅದ ಕೂಸು. ಯಾರ ಮನೀದ್ರಿ ಇದು?’

ಹುಡುಗಿ ಕಿಸಕ್ಕನೆ ನಕ್ಕಳು. ಅಜ್ಜಿಯ ತೋಳು ಜಗ್ಗಿ, ‘ಆಯಿ, ಕಾಕಾರ ಮನೀದು’ ಎಂದಳು. ಆಮೇಲೆ ತಿರುಗಿ, ‘ಹೌದಲ್ರಿ ಕಾಕಾ? ನೀವಾ ಅಂದಿದ್ರಲ್ಲ, ನಮ್ಮ ಮನಿಗಿ ಬಾ ಅಂತ.’ ಅದರಲ್ಲಿ ಚುಚ್ಚು ಇರಲಿಲ್ಲ. ಕೇಳಿದರೆ ಈಗಲೂ ಕರೆದಾರು ಎಂಬಂಥ ಧ್ವನಿ.

ಕಾಕಾ ಬಾಗಿಲಿನ ಆಚೆ ನೋಡಿದರು. ‘ಬಸ್ ಬಂತ ನೋಡಬೇ ಆಯಿ’ ಎಂದರು. ‘ನಡೀರಿ, ನಡೀರಿ, ಜಾಗ ಸಿಗಂಗಿಲ್ಲ.’

ಅಜ್ಜಿ ಗಡಿಬಿಡಿಯಿಂದ ಗಂಟು ಎತ್ತಿಕೊಂಡಳು. ಹುಡುಗಿ ಫೋಟೋವನ್ನು ಎದೆಗೆ ಅವಚಿಕೊಂಡು ಅವಳ ಹಿಂದೆ ಓಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾವ ಬಸ್ಸೂ ಬಂದಿರಲಿಲ್ಲ. ಇಬ್ಬರೂ ರಸ್ತೆ ದಾಟಿ, ಎದುರಿನ ಕಟ್ಟೆಯ ಮೇಲೆ, ಸ್ಟುಡಿಯೋಕ್ಕೆ ಮುಖ ಮಾಡಿಯೇ ಕೂತರು. ಬಸ್ಸು ಬರಲು ಬಹಳ ಹೊತ್ತಾಯಿತು. ಅಷ್ಟು ಹೊತ್ತೂ ಕಾಕಾ ಒಳಗೆ, ಫೋಟೋ ತೊಳೆಯುವ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡು ನಿಂತಿದ್ದರು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.